ನಿದ್ದೆ ಎನ್ನಲು ಹೋಗಿ ಕನಸು ಅಂದೆ

ಬೆಂಗಳೂರಿನಲ್ಲಿ ಬೆಳಗಿನ 5.30 ಎಂದರೆ ಮೆಕ್ಸಿಕೋದ ವಹಾಕಾದಲ್ಲಿ ಹಿಂದಿನ ದಿನದ ಸಂಜೆ 6 ಗಂಟೆ. ನನ್ನ ಸ್ಪ್ಯಾನಿಷ್ ಪಾಠಕ್ಕೆ ಹೊಂದುತ್ತಿದ್ದುದು ಅದೊಂದೇ ಹೊತ್ತು. ಆಗ ನಾನು ಲ್ಯಾಟಿನ್ ಅಮೆರಿಕದ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ತಂಡದಲ್ಲಿದ್ದೆ. ಸಂಜೆ ಏಳೂವರೆಗೆ ಶಿಫ್ಟ್ ಶುರುವಾದರೆ ಬೆಳಗಿನ ಜಾವ ನಾಲ್ಕೂವರೆಗೆ ಬಿಡುಗಡೆ. ಕ್ಯಾಬು ಒಬ್ಬೊಬ್ಬರನ್ನೇ ಇಳಿಸುತ್ತ ನನ್ನ ಮನೆ ಮುಟ್ಟುವಷ್ಟರಲ್ಲಿ ಐದು ದಾಟಿರುತ್ತಿತ್ತು. ಮುಖಕ್ಕೆ ತಣ್ಣೀರು ಹಾಕಿಕೊಂಡು, ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತರೆ ಪರದೆಯ ಮೇಲೆ ಮಾಎಸ್ತ್ರಾ ಕಾಣಿಸುತ್ತಿದ್ದರು. ಅಲ್ಲಿ ಕಲಿಸುವವರನ್ನು ಹಾಗೆಯೇ ಕರೆಯುತ್ತಾರೆ. ಅವರ ಕಿಟಕಿಯಲ್ಲಿ ಇಳಿಬಿಸಿಲು, ನನ್ನ ಕಿಟಕಿಯಲ್ಲಿ ಇನ್ನೂ ಬೀದಿದೀಪ.

ಮೂರನೆಯ ತಿಂಗಳಿರಬೇಕು. ಒಂದು ದಿನ ಕ್ರಿಯಾಪದಗಳ ಪಟ್ಟಿ ಓದುತ್ತ ಓದುತ್ತ ಕಣ್ಣು ಎಳೆಯತೊಡಗಿತು. ನಿದ್ದೆ ಬರುತ್ತಿದೆ ಎಂದು ಹೇಳಿ ಐದು ನಿಮಿಷ ಬಿಡುವು ಕೇಳೋಣ ಅನಿಸಿತು. ನಿದ್ದೆಗೆ ಸ್ಪ್ಯಾನಿಷಿನಲ್ಲಿ ಸ್ವೆಞೊ ಎನ್ನುತ್ತಾರೆ ಎಂದು ಗೊತ್ತಿತ್ತು, ‘ನನ್ನ ಬಳಿ ಇದೆ’ ಎನ್ನಲು ತೆಂಗೊ ಎಂಬುದೂ ಗೊತ್ತಿತ್ತು. ಹಿಂದಿನ ವಾರವಷ್ಟೇ ನಾಮಪದದ ಮುಂದೆ ‘ಉನ್’ ಹಾಕುವುದನ್ನು ಕಲಿತಿದ್ದೆ. ಅದನ್ನೂ ಸೇರಿಸಿ, "ತೆಂಗೊ ಉನ್ ಸ್ವೆಞೊ" ಅಂದೆ.

ಮಾಎಸ್ತ್ರಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮುಖದಲ್ಲಿ ಒಂದು ಕುತೂಹಲ ಮೂಡಿತು. "ಕ್ವಾಲ್?" ಎಂದು ಕೇಳಿದರು. ಯಾವುದು?

ನಾನು ‘ನನಗೊಂದು ಕನಸಿದೆ’ ಎಂದು ಹೇಳಿಬಿಟ್ಟಿದ್ದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ಸ್ಪ್ಯಾನಿಷ್ ಜಗತ್ತಿಗೆ ಗೊತ್ತಿರುವುದು ಅದೇ ಮೂರು ಪದಗಳಲ್ಲಿ: ತೆಂಗೊ ಉನ್ ಸ್ವೆಞೊ. ಆ ‘ಉನ್’ ತೆಗೆದು ‘ತೆಂಗೊ ಸ್ವೆಞೊ’ ಎಂದರೆ ನಿದ್ದೆ ಬರುತ್ತಿದೆ ಎಂದಷ್ಟೇ ಅರ್ಥ. ಮಾಎಸ್ತ್ರಾ ತಿದ್ದಿದರು, ನಾನು ಬರೆದುಕೊಂಡೆ, ಪಾಠ ಮುಂದೆ ಸಾಗಿತು. ಆದರೆ ‘ಯಾವುದು?’ ಎಂಬ ಆ ಪ್ರಶ್ನೆ ಮಾತ್ರ ನನ್ನ ಜೊತೆ ಹಾಸಿಗೆಯವರೆಗೂ ಬಂತು. ಪರದೆ ಎಳೆದು, ಬೆಳಕು ತೂರದಂತೆ ಕಿಟಕಿಯ ಸಂದಿಗೆ ಟವೆಲು ಸಿಕ್ಕಿಸಿ ಮಲಗಿದೆ. ನಿದ್ದೆ ಬರಲಿಲ್ಲ. ಆ ದಿನಗಳಲ್ಲಿ ನನಗಿದ್ದ ಕನಸು ಯಾವುದು ಎಂದು ಹುಡುಕಿದರೆ ಕೈಗೆ ಏನೂ ಸಿಗಲಿಲ್ಲ.

ಅಲ್ಲಿಂದ ಈ ಪದದ ಬೆನ್ನು ಹತ್ತಿದೆ. ಸ್ಪ್ಯಾನಿಷಿನ ರಾಯಲ್ ಅಕಾಡೆಮಿಯ ನಿಘಂಟು ಸ್ವೆಞೊ ಪದಕ್ಕೆ ಬೇರೆ ಬೇರೆ ಅರ್ಥ ಕೊಡುತ್ತದೆ: ಮಲಗಿ ನಿದ್ರಿಸುವ ಕ್ರಿಯೆ, ನಿದ್ದೆಯಲ್ಲಿ ಕಾಣುವ ಸಂಗತಿಗಳು, ನಿದ್ದೆ ಬೇಕೆನ್ನುವ ಆಸೆ ಅಂದರೆ ಕಣ್ಣೆಳೆತ. ಕೊನೆಗೆ, ವಾಸ್ತವದ ಆಧಾರವಿಲ್ಲದ್ದು, ಅದರಲ್ಲೂ ಕೈಗೂಡುವ ಸಂಭವವಿಲ್ಲದ ಆಸೆ. ಕೈಗೂಡದ್ದು ಎಂಬ ಆ ಮಾತು ನನಗೆ ಇವತ್ತಿಗೂ ಒರಟಾಗಿ ಕೇಳಿಸುತ್ತದೆ. ಜನ ಅಷ್ಟು ಕಟ್ಟುನಿಟ್ಟಾಗಿ ಬಳಸುವುದೂ ಇಲ್ಲ. ಮನೆ ಕಟ್ಟಿ ಮುಗಿಸಿದವರು ತಮ್ಮ ಸ್ವೆಞೊ ಈಡೇರಿತು ಎಂದು ಸಂತೋಷದಿಂದಲೇ ಹೇಳಿಕೊಳ್ಳುತ್ತಾರೆ.

ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿದರೆ ಪದ ಬರುವುದಿಲ್ಲ, ಅದು ನುಡಿಗಟ್ಟುಗಳಲ್ಲಿ ಓಡಾಡುವುದನ್ನು ನೋಡಬೇಕು. ಯಾವುದೋ ಚಿಂತೆ ‘ನನ್ನ ಸ್ವೆಞೊ ಕಿತ್ತುಕೊಂಡಿದೆ’ ಎಂದರೆ ನಿದ್ದೆಗೆಡಿಸಿದೆ ಎಂದು. ‘ಸ್ವೆಞೊಗಳಲ್ಲೂ ಇಲ್ಲ’ ಎಂದರೆ ಸುತರಾಂ ಸಾಧ್ಯವಿಲ್ಲ ಎಂದು. ನಾವು ‘ಕನಸು ಮನಸಿನಲ್ಲೂ ಎಣಿಸಿರಲಿಲ್ಲ’ ಎನ್ನುವುದರ ದೂರದ ನೆಂಟ. ‘ಎಂತ್ರೆ ಸ್ವೆಞೊಸ್’, ಸ್ವೆಞೊಗಳ ನಡುವೆ, ಎಂದರೆ ಅರೆನಿದ್ದೆಯಲ್ಲಿ. ಇದರಲ್ಲಿ ನಿದ್ದೆ ಯಾವುದು ಕನಸು ಯಾವುದು ಎಂದು ಬಿಡಿಸಲು ಹೋದರೆ ಮಾತೇ ಹರಿದುಹೋಗುತ್ತದೆ. ನಿದ್ದೆ ಹತ್ತುವುದಕ್ಕೆ ‘ಕೊನ್ಸಿಲಿಯಾರ್ ಎಲ್ ಸ್ವೆಞೊ’ ಎನ್ನುತ್ತಾರೆ. ಕೊನ್ಸಿಲಿಯಾರ್ ಎಂದರೆ ರಾಜಿ ಮಾಡಿಸುವುದು, ಒಡಂಬಡಿಸುವುದು. ಮುನಿಸಿಕೊಂಡ ನಿದ್ದೆಯ ಜೊತೆ ರಾಜಿಗೆ ಕೂರುವ ಆ ಚಿತ್ರ, ಹಗಲು ಹನ್ನೊಂದು ಗಂಟೆಗೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ ನನಗೆ ಮನೆಯವರ ಸಮಾಧಾನಕ್ಕಿಂತ ಹತ್ತಿರವಾಯಿತು. ಸಣ್ಣ ಜೊಂಪು ತೆಗೆಯುವುದಕ್ಕೆ ‘ದೆಸ್‌ಕಬೆಸಾರ್ ಉನ್ ಸ್ವೆಞೊ’ ಎಂಬ ಮಾತಿದೆ. ಪದಕ್ಕೆ ಪದ ಹಿಡಿದರೆ ಒಂದು ನಿದ್ದೆಯ ತಲೆ ತೆಗೆಯುವುದು. ಇಲ್ಲಿ ‘ಉನ್’ ಇದ್ದೂ ಅದು ಕನಸಲ್ಲ, ನಿದ್ದೆಯೇ. ನಾನು ಕಲಿತ ನಿಯಮ ಅಷ್ಟು ಬೇಗ ಕೈಕೊಟ್ಟಿತು.

ಕನಸಿನ ವಿಷಯಕ್ಕೆ ಬಂದರೆ ಅವರು ‘ಸೊಞಾರ್ ಕೊನ್’ ಎನ್ನುತ್ತಾರೆ. ಯಾರನ್ನಾದರೂ ಕನಸಲ್ಲಿ ಕಂಡರೆ ಆ ವ್ಯಕ್ತಿಯ ‘ಜೊತೆ’ ಕನಸು ಕಂಡೆ ಎಂದು ಹೇಳಬೇಕು. ಮಕ್ಕಳನ್ನು ಮಲಗಿಸುವಾಗ, ಪುಟ್ಟ ದೇವತೆಗಳ ಜೊತೆ ಕನಸು ಕಾಣು ಎಂದು ಹರಸುತ್ತಾರೆ. ನಮ್ಮಲ್ಲಿ ‘ನಿನ್ನೆ ನೀನು ಕನಸಲ್ಲಿ ಬಂದಿದ್ದೆ’ ಎನ್ನುತ್ತೇವೆ. ಬಂದವರು ಅವರು, ನಾವು ಬಾಗಿಲು ತೆರೆದವರಷ್ಟೆ. ನಿದ್ದೆಯೂ ಹಾಗೆಯೇ. ಅವರ ಬಳಿ ಅದು ‘ಇರುತ್ತದೆ’, ನಮಗೆ ಅದು ‘ಬರುತ್ತದೆ’, ‘ಹತ್ತುತ್ತದೆ’, ಹೇಳದೆ ಕೇಳದೆ ‘ಹಾರಿಹೋಗುತ್ತದೆ’. ಕನ್ನಡದ ನಿದ್ದೆ ಸ್ವತಂತ್ರ ಜೀವಿ. ತೂಕಡಿಕೆ, ಜೊಂಪು, ಮಂಪರು, ಕೋಳಿನಿದ್ದೆ ಎಂದು ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟಿದ್ದೇವೆ. ಕನಸನ್ನು ಮಾತ್ರ ಪಕ್ಕದ ಕೋಣೆಯಲ್ಲಿಟ್ಟಿದ್ದೇವೆ. ನಿದ್ದೆ ಮಾಡುತ್ತೇವೆ, ಕನಸು ಕಾಣುತ್ತೇವೆ.

ಸ್ಪ್ಯಾನಿಷಿನಲ್ಲಿ ಈ ಎರಡು ಕೋಣೆ ಒಂದಾದದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕಿದ ಉತ್ತರ ತುಂಬ ಸರಳವಾಗಿತ್ತು. ಲ್ಯಾಟಿನ್ನಿನಲ್ಲಿ ನಿದ್ದೆಗೆ ಸೊಮ್ನುಸ್, ಕನಸಿಗೆ ಸೊಮ್ನಿಯುಮ್. ಪೋರ್ಚುಗೀಸರು ಇವನ್ನು ಸೋನು, ಸೋಞು ಎಂದು ಬೇರೆಬೇರೆಯಾಗಿಯೇ ಉಳಿಸಿಕೊಂಡರು. ಇಟಾಲಿಯನ್ನರಲ್ಲಿ ಸೊನ್ನೊ ಮತ್ತು ಸೊಞೊ. ಕ್ಯಾಟಲನ್ನರು ಇನ್ನೂ ಮುಂದೆ ಹೋಗಿದ್ದಾರೆ: ಕನಸಿಗೆ ಬೇರೆ ಪದವಿದ್ದು, ‘ಸೊನ್’ ಪುಲ್ಲಿಂಗದಲ್ಲಿದ್ದರೆ ನಿದ್ದೆ, ಸ್ತ್ರೀಲಿಂಗದಲ್ಲಿದ್ದರೆ ನಿದ್ದೆಗಣ್ಣು. ಸ್ಪ್ಯಾನಿಷ್ ಹುಟ್ಟಿದ ಕ್ಯಾಸ್ಟೀಲಿಯದ ಜನರ ಬಾಯಲ್ಲಿ ಮಾತ್ರ ಮ್ನ ಎಂಬ ಒತ್ತಕ್ಷರ ಸವೆದು ಞ ಆಯಿತು. ಮ್ನಿಯ ಎಂಬುದೂ ಸವೆದು ಞ ಆಯಿತು. ಎರಡು ಹಾದಿ ಒಂದೇ ಅಂಗಳಕ್ಕೆ ಬಂದು ಸೇರಿದವು. ಯಾರೂ ಕೂತು ತತ್ತ್ವ ಚಿಂತನೆ ಮಾಡಿ ನಿದ್ದೆ ಕನಸುಗಳನ್ನು ಒಂದುಗೂಡಿಸಲಿಲ್ಲ, ನಾಲಿಗೆ ಆ ಕೆಲಸ ಮಾಡಿತು. ಆಮೇಲೆ ಬಂದ ಕವಿಗಳಿಗೂ ಚಿತ್ರಕಾರರಿಗೂ ಅದೇ ಆಸ್ತಿಯಾಯಿತು.

ಇಲ್ಲಿ ಞ ಅಕ್ಷರದ ಬಗ್ಗೆ ಒಂದು ಮಾತು. ಒಂದನೇ ಕ್ಲಾಸಿನಲ್ಲಿ ‘ಚ ಛ ಜ ಝ ಞ’ ಎಂದು ರಾಗವಾಗಿ ಹೇಳಿ ಮುಗಿಸಿದ ಮೇಲೆ ಆ ಅಕ್ಷರವನ್ನು ಒಂಟಿಯಾಗಿ ಬರೆದ ನೆನಪು ನನಗಿಲ್ಲ. ಜ್ಞಾನದ ಒತ್ತಿನಲ್ಲಿ ಮುದುಡಿ ಕೂತಿರುತ್ತದೆ, ಅಲ್ಲೂ ಅದರ ಉಚ್ಚಾರ ಬೇರೆಯೇ ಆಗಿಬಿಟ್ಟಿದೆ. ಸ್ಪ್ಯಾನಿಷ್ ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ನನಗೆ ಅದು ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂದಾಗ, ಅಟ್ಟದ ಮೇಲಿಂದ ಅಜ್ಜಿಯ ಪಾತ್ರೆ ಇಳಿಸಿ ಉಜ್ಜಿದ ಹಾಗೆ ಅನಿಸಿತ್ತು.

ಲ್ಯಾಟಿನ್ನಿನಿಂದ ಇನ್ನೂ ಹಿಂದಕ್ಕೆ ಹೋದರೆ ನಮ್ಮ ಬಾಗಿಲಿಗೇ ಬರುತ್ತೇವೆ. ಸೊಮ್ನುಸ್, ಗ್ರೀಕರ ಹಿಪ್ನೊಸ್, ಸಂಸ್ಕೃತದ ಸ್ವಪ್ನ, ಮೂರೂ ಒಂದೇ ಮೂಲದಿಂದ ಒಡೆದ ಕವಲುಗಳು. ಹಿಪ್ನಾಟಿಸಂ ಎಂಬ ಪದ ಬಂದದ್ದು ಆ ಗ್ರೀಕ್ ಕವಲಿನಿಂದ. ಮೊದಲಿದ್ದ ‘ಸ್ವೆ’ ಎಂಬ ಉಲಿ ಲ್ಯಾಟಿನ್ನಿನಲ್ಲಿ ‘ಸೊ’ ಆಯಿತು. ಸಹೋದರಿಗೆ ಸಂಸ್ಕೃತದಲ್ಲಿ ಸ್ವಸೃ, ಲ್ಯಾಟಿನ್ನಿನಲ್ಲಿ ಸೊರೊರ್ ಆದ ಹಾಗೆ. ಮುಂದೆ ಸ್ಪ್ಯಾನಿಷಿನಲ್ಲಿ ಒತ್ತು ಬಿದ್ದ ಹ್ರಸ್ವ ‘ಒ’ ಒಡೆದು ‘ವೆ’ ಆಗುವ ಬೇರೊಂದು ನಿಯಮ ನಡೆದು, ಸೊ ಮತ್ತೆ ಸ್ವೆ ಆಯಿತು. ಸಾವಿರಾರು ವರ್ಷ ಹಿಂದೆ ಕಳೆದುಕೊಂಡದ್ದು ಬೇರೆ ದಾರಿಯಲ್ಲಿ, ಗೊತ್ತೇ ಇಲ್ಲದೆ ಮನೆಗೆ ಮರಳಿತು. ಸ್ವಪ್ನ, ಸ್ವೆಞೊ ಎಂದು ಅಕ್ಕಪಕ್ಕ ಬರೆದು ನಾನು ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ತೀರ್ಥಹಳ್ಳಿ ಕಡೆಯವಳು, ದಿನಾ ಬೆಳಗ್ಗೆ ಗೀತೆಯ ಒಂದು ಅಧ್ಯಾಯ ಓದದೆ ಒಲೆ ಹಚ್ಚುವುದಿಲ್ಲ. ಸ್ಪ್ಯಾನಿಷಿನಲ್ಲಿ ನಿದ್ದೆಗೂ ಕನಸಿಗೂ ಒಂದೇ ಪದ ಅಂತೆ ಎಂದು ನಾನು ಆಶ್ಚರ್ಯ ತೋಡಿಕೊಂಡರೆ ಆಕೆಗೆ ಏನೂ ಆಶ್ಚರ್ಯವಾಗಲಿಲ್ಲ. "ಗೀತೇಲೂ ಹಾಗೇ ಇದ್ಯಲ್ಲೇ. ‘ನ ಚಾತಿಸ್ವಪ್ನಶೀಲಸ್ಯ ಜಾಗ್ರತೋ ನೈವ ಚಾರ್ಜುನ’ ಅಂತ. ಅತಿಯಾಗಿ ಕನಸು ಕಾಣೋನಿಗೆ ಅಂತಲ್ಲ, ಅತಿಯಾಗಿ ನಿದ್ದೆ ಮಾಡೋನಿಗೆ, ನಿದ್ದೇನೇ ಮಾಡ್ದೆ ಇರೋನಿಗೂ ಯೋಗ ಸಿದ್ಧಿಸಲ್ಲ ಅಂತ" ಎಂದಳು. ಸ್ವಲ್ಪ ತಡೆದು, "ನಿದ್ದೇನೇ ಮಾಡ್ದೆ ಇರೋನಿಗೂ" ಎಂದು ಮತ್ತೊಮ್ಮೆ ಹೇಳಿದಳು. ಅದು ಯಾರಿಗೆ ಹೇಳಿದ್ದು ಎಂದು ನನಗೆ ಗೊತ್ತಾಯಿತು.

ಆರನೆಯ ಅಧ್ಯಾಯದ ಹದಿನಾರನೆಯ ಶ್ಲೋಕ ಅದು. ಮುಂದಿನ ಶ್ಲೋಕದ ‘ಯುಕ್ತಸ್ವಪ್ನಾವಬೋಧಸ್ಯ’ ಎಂಬಲ್ಲೂ ಸ್ವಪ್ನ ಎಂದರೆ ನಿದ್ದೆಯೇ. ಸ್ವಪ್ ಎಂಬ ಧಾತುವಿನ ಅರ್ಥವೇ ಮಲಗು, ನಿದ್ರಿಸು. ಸುಪ್ತವೂ ಸುಷುಪ್ತಿಯೂ ಅದರ ಮಕ್ಕಳು. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಮಾಂಡೂಕ್ಯ ಉಪನಿಷತ್ತು ಬೇರ್ಪಡಿಸುವಾಗ ಮಾತ್ರ ಅದೇ ಪದ ಕನಸಿನ ಕಡೆ ವಾಲುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಸ್ವಪ್ನ ನಿದ್ದೆಯನ್ನು ಪೂರ್ತಿ ಬಿಟ್ಟುಕೊಟ್ಟು ಕನಸೊಂದನ್ನೇ ಹಿಡಿದುಕೊಂಡಿದೆ. ನನಗೆ ಸ್ಪ್ಯಾನಿಷಿನ ವಿಚಿತ್ರ ಎನಿಸಿದ್ದು ನಮ್ಮ ದೇವರ ಮನೆಯಲ್ಲಿ ದಿನಾ ಕೇಳಿಸುತ್ತಿತ್ತು.

ಒಂದು ಪದಕ್ಕೆ ಇಷ್ಟು ಅರ್ಥಗಳು ಎಂದು ನಾವು ಹೇಳುವಾಗ ಆ ಭಾಷೆಯವರು ಕಕ್ಕಾಬಿಕ್ಕಿಯಾಗುತ್ತಾರೆ ಎಂದು ಗೊತ್ತಾದದ್ದು ಮಾಎಸ್ತ್ರಾ ಜೊತೆ ಮಾತಾಡುವಾಗ. ಅವರಿಗೆ ಅದು ಅರ್ಥಗಳ ಗಂಟು ಅಲ್ಲವೇ ಅಲ್ಲ. ನನ್ನದೇ ಭಾಷೆಯಿಂದ ಒಂದು ಉದಾಹರಣೆ ಕೊಡಲು ಹೋಗಿ ‘ಹೊತ್ತು’ ನೆನಪಾಯಿತು. ಹೊತ್ತು ಎಂದರೆ ಸಮಯ, ಹೊತ್ತು ಎಂದರೆ ಸೂರ್ಯ. ‘ಹೊತ್ತು ಮುಳುಗೋ ಹೊತ್ತಿಗೆ ಮನೆಗೆ ಬಾ’ ಎಂದು ಸಾವಿರ ಸಲ ಹೇಳಿಸಿಕೊಂಡು ಬೆಳೆದಿದ್ದೇನೆ. ಒಂದೇ ವಾಕ್ಯದಲ್ಲಿ ಎರಡು ಸಲ ಬಂದರೂ ಅದು ಎರಡು ಅರ್ಥ ಎಂದು ಒಮ್ಮೆಯೂ ಅನಿಸಿರಲಿಲ್ಲ. ಸಮಯ ಮುಳುಗುತ್ತದೆಯೋ ಸೂರ್ಯ ಮುಳುಗುತ್ತಾನೋ ಎಂದು ಯಾರಾದರೂ ಹೊರಗಿನವರು ಕೇಳಿದ್ದರೆ ನಾನೂ ಕಕ್ಕಾಬಿಕ್ಕಿಯಾಗುತ್ತಿದ್ದೆ.

ಆದರೆ ಸ್ವೆಞೊ ವಿಷಯದಲ್ಲಿ ಆ ಭಾಷೆಯವರೇ ಜಗಳವಾಡುವ ಒಂದು ಜಾಗ ಉಂಟು. 1799ರಲ್ಲಿ ಸ್ಪೇನಿನ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ ಪ್ರಕಟಿಸಿದ ‘ಲೊಸ್ ಕಾಪ್ರಿಚೊಸ್’ ಎಂಬ 80 ಮುದ್ರಣ ಚಿತ್ರಗಳ ಮಾಲೆಯಲ್ಲಿ 43ನೆಯದು. ಒಬ್ಬ ಮೇಜಿನ ಮೇಲೆ ತೋಳಿಟ್ಟು ಮುಖ ಹುದುಗಿಸಿ ಮಲಗಿದ್ದಾನೆ. ಬೆನ್ನ ಹಿಂದಿನ ಕತ್ತಲಿಂದ ಗೂಬೆಗಳು, ಬಾವಲಿಗಳು ಎದ್ದು ಬರುತ್ತಿವೆ. ಒಂದು ಗೂಬೆ ಅವನಿಗೆ ಚಿತ್ರ ಬರೆಯುವ ಕಡ್ಡಿ ಚಾಚುತ್ತಿದೆ. ಮೇಜಿನ ಪಕ್ಕೆಯಲ್ಲಿ ಬರೆದಿದೆ: ವಿವೇಕದ ಸ್ವೆಞೊ ರಾಕ್ಷಸರನ್ನು ಹುಟ್ಟಿಸುತ್ತದೆ.

ವಿವೇಕ ನಿದ್ದೆ ಹೋದರೆ ರಾಕ್ಷಸರು ಹುಟ್ಟುತ್ತಾರೆ ಎಂದು ಓದಿದರೆ ಅದು ಎಚ್ಚರವಾಗಿರಿ ಎಂಬ ಮಾತು. ವಿವೇಕ ಕಾಣುವ ಕನಸೇ ರಾಕ್ಷಸರನ್ನು ಹುಟ್ಟಿಸುತ್ತದೆ ಎಂದು ಓದಿದರೆ ಆಪಾದನೆ ವಿವೇಕದ ಮೇಲೆಯೇ ಬೀಳುತ್ತದೆ. ಎರಡು ಓದೂ ಇವೆ, ಎರಡಕ್ಕೂ ವಾದಿಸುವವರಿದ್ದಾರೆ. ಪ್ರಾದೋ ಸಂಗ್ರಹಾಲಯದಲ್ಲಿರುವ ಹಳೆಯ ಟಿಪ್ಪಣಿಯೊಂದು ಮೊದಲ ಓದಿನ ಕಡೆಗಿದೆ: ವಿವೇಕ ಕೈಬಿಟ್ಟ ಕಲ್ಪನೆ ಅಸಾಧ್ಯ ರಾಕ್ಷಸರನ್ನು ಹೆರುತ್ತದೆ, ವಿವೇಕದೊಡನೆ ಕೂಡಿದಾಗ ಅದೇ ಕಲೆಗಳ ತಾಯಿ. ಹಾಗಿದ್ದರೆ ನಿದ್ದೆ ಎಂದೇ ತೀರ್ಮಾನಿಸಿಬಿಡಬಹುದಿತ್ತು. ಆದರೆ ಗೋಯಾ ಇದನ್ನು ತಾಮ್ರದ ತಗಡಿಗೆ ಇಳಿಸುವ ಮೊದಲು 1797ರಲ್ಲಿ ಬರೆದ ಕರಡು ಚಿತ್ರವೂ ಉಳಿದಿದೆ. ಅದರ ಅಡಿಯಲ್ಲಿ ‘ಲೇಖಕ ಕನಸು ಕಾಣುತ್ತಿರುವುದು’ ಎಂದು ಆತನೇ ಬರೆದಿದ್ದಾನೆ. ಅಲ್ಲಿ ಬಳಸಿದ್ದು ಸೊಞಾಂದೊ ಎಂಬ ಕ್ರಿಯಾರೂಪ. ಅದಕ್ಕೆ ಕನಸು ಎಂಬ ಒಂದೇ ಅರ್ಥ, ನಿದ್ದೆಗೆ ಅಲ್ಲಿ ಜಾಗವಿಲ್ಲ. ಮೊದಲು ಆ ಮಾಲೆಯನ್ನೇ ‘ಸ್ವೆಞೊಸ್’ ಎಂದು ಕರೆಯುವ ಆಲೋಚನೆಯಿತ್ತು. ಅದೇ ಕರಡಿನಲ್ಲಿ ‘ಸಾರ್ವತ್ರಿಕ ಭಾಷೆ’ ಎಂದೂ ಬರೆದುಕೊಂಡಿದ್ದ. ಚಿತ್ರ ಎಲ್ಲರಿಗೂ ತಿಳಿಯುವ ಭಾಷೆ ಎಂಬ ನಂಬಿಕೆಯಿಂದ ಹೊರಟ ಕೃತಿಯಲ್ಲಿ, ಬೇರೆ ಭಾಷೆಗೆ ದಾಟಿಸಲಾಗದ ಪದ ಬಂದು ಕೂತಿತು.

ಆ ಹೊತ್ತಿಗೆ ಕಾಯಿಲೆಯಿಂದ ಗೋಯಾನ ಕಿವಿ ಪೂರ್ತಿ ಹೋಗಿತ್ತು. ಮ್ಯಾಡ್ರಿಡ್ಡಿನ ಪತ್ರಿಕೆಯಲ್ಲಿ 1799ರ ಫೆಬ್ರವರಿ 6ರಂದು ಬಂದ ಜಾಹೀರಾತಿನ ಪ್ರಕಾರ ಚಿತ್ರಗಳು ಸಿಗುತ್ತಿದ್ದುದು ಒಂದು ಸುಗಂಧದ್ರವ್ಯ ಮತ್ತು ಮದ್ಯದ ಅಂಗಡಿಯಲ್ಲಿ. ಅಂಗಡಿಯಿದ್ದ ಬೀದಿಯ ಹೆಸರು ದೆಸೆಂಗಾಞೊ. ಭ್ರಮೆ ಕಳಚುವುದು ಎಂದರ್ಥ. ಸ್ವೆಞೊ ಮಾರಲು ಅದಕ್ಕಿಂತ ತಕ್ಕ ವಿಳಾಸ ಇರಲಾರದು.

ಕಾಲ್ದೆರೊನ್ ದೆ ಲಾ ಬಾರ್ಕಾನ ನಾಟಕದ ವಿಷಯ ಎತ್ತದೆ ಈ ಪದದ ಬಗ್ಗೆ ಬರೆಯಲಾಗದು. 1636ರಲ್ಲಿ ಅಚ್ಚಾದ ‘ಲಾ ವೀದಾ ಎಸ್ ಸ್ವೆಞೊ’, ಬದುಕು ಸ್ವೆಞೊ. ಹುಟ್ಟಿದ ಗಳಿಗೆಯ ಗ್ರಹಗತಿಗೆ ಹೆದರಿ ಪೋಲೆಂಡಿನ ರಾಜ ಮಗ ಸೆಗಿಸ್ಮುಂದೊನನ್ನು ಗೋಪುರದಲ್ಲಿ ಕೂಡಿಹಾಕಿರುತ್ತಾನೆ. ಒಮ್ಮೆ ಪರೀಕ್ಷಿಸಲೆಂದು ಮದ್ದು ಕುಡಿಸಿ, ನಿದ್ದೆಯಲ್ಲೇ ಅರಮನೆಗೆ ತರಿಸುತ್ತಾನೆ. ಎದ್ದ ಮಗ ಕ್ರೂರವಾಗಿ ನಡೆದುಕೊಂಡಾಗ ಮತ್ತೆ ನಿದ್ದೆ ಬರಿಸಿ ಗೋಪುರಕ್ಕೆ ಸಾಗಿಸಿ, ನೀನು ಕಂಡದ್ದು ಕನಸು ಎಂದು ನಂಬಿಸುತ್ತಾರೆ. ಕಥೆ ಮುಂದೆ ಸರಿಯುವುದು ನಿದ್ದೆಯಿಂದ, ತಿರುಗುವುದು ಕನಸಿನಿಂದ, ಎರಡಕ್ಕೂ ಪದ ಒಂದೇ. ನನ್ನನ್ನು ಹಿಡಿದದ್ದು ಶೀರ್ಷಿಕೆ. ಅದರಲ್ಲಿ ‘ಉನ್’ ಇಲ್ಲ. ನಾನು ಪಾಠದಲ್ಲಿ ತಪ್ಪಾಗಿ ಸೇರಿಸಿದ್ದ ಆ ಪುಟ್ಟ ಪದವನ್ನು ಕಾಲ್ದೆರೊನ್ ಬಿಟ್ಟಿದ್ದಾನೆ. ‘ಒಂದು’ ಎಂದಿದ್ದರೆ ಶುರು ಕೊನೆಗಳಿರುವ ಕನಸಾಗುತ್ತಿತ್ತು, ಎಣಿಸಬಹುದಿತ್ತು. ಅದಿಲ್ಲದೆ ಬದುಕು ನೀರಿನಂತೆ, ಗಾಳಿಯಂತೆ, ಸ್ವೆಞೊ ಎಂಬ ವಸ್ತುವಿನಿಂದಲೇ ಆದದ್ದು ಎಂಬಂತಾಗುತ್ತದೆ. ಕಾವಲಿನ ಮುದುಕ ಕ್ಲೊತಾಲ್ದೊ ರಾಜಕುಮಾರನಿಗೆ ಹೇಳುವ ಒಂದು ಮಾತಿದೆ: ಕನಸಿನಲ್ಲಿ ಮಾಡಿದ ಒಳ್ಳೆಯದೂ ವ್ಯರ್ಥವಾಗುವುದಿಲ್ಲ. ಆ ಸಾಲನ್ನು ನಾನು ರಾತ್ರಿ ಮೂರು ಗಂಟೆಗೆ, ಎರಡು ದೂರುಗಳ ನಡುವಿನ ಬಿಡುವಿನಲ್ಲಿ ಓದಿದ್ದೆ. ಮುಂದಿನ ದೂರಿನವರಿಗೆ ಎಂದಿಗಿಂತ ತಾಳ್ಮೆಯಿಂದ ಉತ್ತರಿಸಿದೆ.

ಇಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಮಾಎಸ್ತ್ರಾಗೆ ಅವರ ಹಳೆಯ ಪ್ರಶ್ನೆ ನೆನಪಿಸಿ, ಈಗ ಉತ್ತರವಿದೆ ಅಂದೆ. "ಮಿ ಸ್ವೆಞೊ ಎಸ್ ತೆನೇರ್ ಸ್ವೆಞೊ ದೆ ನೊಚೆ." ರಾತ್ರಿ ಹೊತ್ತು ನಿದ್ದೆ ಬರುವುದೇ ನನ್ನ ಕನಸು. ಅವರು ನಗಲಿಲ್ಲ. ಆ ವಾಕ್ಯವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವಾರದಿಂದ ಸೊರ್ ಹ್ವಾನಾ ಓದೋಣ ಎಂದರು.

ಸೊರ್ ಹ್ವಾನಾ ಇನೆಸ್ ದೆ ಲಾ ಕ್ರುಸ್ ಹದಿನೇಳನೆಯ ಶತಮಾನದ ಮೆಕ್ಸಿಕೋದ ಸನ್ಯಾಸಿನಿ. ಓದುವ ಆಸೆಗಾಗಿ ಮಠ ಸೇರಿದವಳು, ಹೆಣ್ಣಿಗೇಕೆ ಇಷ್ಟು ಓದು ಎಂದು ಜೀವನವಿಡೀ ಹೇಳಿಸಿಕೊಂಡವಳು. 1691ರಲ್ಲಿ ಬಿಷಪ್ಪನಿಗೆ ಬರೆದ ಉತ್ತರದಲ್ಲಿ, ನಿದ್ದೆಯಲ್ಲೂ ತನ್ನ ಮನಸ್ಸಿಗೆ ಬಿಡುವಿಲ್ಲ ಎನ್ನುತ್ತಾಳೆ. ಬರೆದದ್ದೆಲ್ಲ ಇನ್ನೊಬ್ಬರ ಒತ್ತಾಯಕ್ಕೆ, ತನ್ನ ಖುಷಿಗೆ ಬರೆದದ್ದು ‘ಎಲ್ ಸ್ವೆಞೊ’ ಎಂದು ಜನ ಕರೆಯುವ ಒಂದು ಪುಟ್ಟ ಕಾಗದ ಮಾತ್ರ ಎಂದೂ ಹೇಳುತ್ತಾಳೆ. ಆ ಪುಟ್ಟ ಕಾಗದ 975 ಸಾಲುಗಳ ಕವಿತೆ. 1692ರಲ್ಲಿ ‘ಪ್ರಿಮೆರೊ ಸ್ವೆಞೊ’ ಎಂದು ಅಚ್ಚಾಯಿತು. ಮೊದಲ ನಿದ್ದೆಯೋ, ಮೊದಲ ಕನಸೋ?

ಎರಡೂ. ಇಡೀ ಕವಿತೆ ನಡೆಯುವುದೇ ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲಿ. ಭೂಮಿಯ ನೆರಳು ಗೋಪುರದಂತೆ ಆಕಾಶಕ್ಕೆ ಏಳುತ್ತದೆ. ಗುಡಿಯ ದೀಪದ ಎಣ್ಣೆ ಕುಡಿಯಲು ಗೂಬೆ ಬರುತ್ತದೆ, ಬಾವಲಿಗಳು ಬರುತ್ತವೆ. ಗೋಯಾನ ಚಿತ್ರಕ್ಕೆ ನೂರು ವರ್ಷ ಮೊದಲೇ ಅವು ಸ್ವೆಞೊ ಪಕ್ಕ ಬಂದು ಕೂತಾಗಿತ್ತು. ಮೀನು ಮಲಗುತ್ತದೆ, ಸಿಂಹ ಕಣ್ಣು ತೆರೆದೇ ಮಲಗುತ್ತದೆ. ಹದ್ದು ಒಂಟಿ ಕಾಲಲ್ಲಿ ನಿಂತು, ಇನ್ನೊಂದರಲ್ಲಿ ಕಲ್ಲು ಹಿಡಿದುಕೊಂಡು ಮಲಗುತ್ತದೆ. ನಿದ್ದೆ ಗಾಢವಾದರೆ ಕಲ್ಲು ಬಿದ್ದು ಎಚ್ಚರವಾಗಲಿ ಎಂದು. ಆ ಹದ್ದನ್ನು ಓದುವಾಗ, ಕ್ಯಾಬಿನಲ್ಲಿ ಸ್ಟಾಪು ತಪ್ಪೀತೆಂದು ಮೊಬೈಲನ್ನು ಅಂಗೈಯಲ್ಲಿ ಬಿಗಿಹಿಡಿದು ತೂಕಡಿಸುತ್ತಿದ್ದ ನಮ್ಮೆಲ್ಲರ ಕೈಗಳು ಕಣ್ಣ ಮುಂದೆ ಬಂದವು. ಆಮೇಲೆ ದೇಹ ಮಲಗುತ್ತದೆ. ಹೃದಯ ಗಡಿಯಾರದಂತೆ ಬಡಿಯುತ್ತಿರುತ್ತದೆ, ಶ್ವಾಸಕೋಶ ತಿದಿಯೊತ್ತುತ್ತಿರುತ್ತದೆ, ಜಠರದ ಅಡುಗೆಮನೆ ತಣ್ಣಗೆ ಕೆಲಸ ಮಾಡುತ್ತಿರುತ್ತದೆ. ಇದೆಲ್ಲ ನಿದ್ದೆ. ಆಗ ಬಿಡುಗಡೆಯಾದ ಆತ್ಮ ಮೇಲೇರಿ ಸೃಷ್ಟಿಯನ್ನೆಲ್ಲ ಒಂದೇ ನೋಟದಲ್ಲಿ ತಿಳಿಯಲು ಹೊರಡುತ್ತದೆ, ಸೋಲುತ್ತದೆ. ಒಂದೊಂದಾಗಿ ತಿಳಿಯೋಣವೆಂದರೆ ಒಂದು ಹೂವಿನ ಮುಂದೆಯೇ ತಡವರಿಸುತ್ತದೆ. ಇದು ಕನಸು. ಯಾವ ಸಾಲಿನಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಪೆನ್ಸಿಲಿನಿಂದ ಗುರುತು ಹಾಕಲು ನೋಡಿದ್ದೆ. ಎರಡು ಸಲ ಅಳಿಸಿ ಕೈಬಿಟ್ಟೆ.

ಹೊಟ್ಟೆಯ ಆಹಾರ ಕರಗುತ್ತ ಬಂದಂತೆ ಎಚ್ಚರ ಹತ್ತಿರವಾಗುತ್ತದೆ, ಸೂರ್ಯ ಬರುತ್ತಾನೆ. ಕೊನೆಯ ಸಾಲು: ‘ಎಲ್ ಮುಂದೊ ಇಲುಮಿನಾದೊ, ಈ ಯೊ ದೆಸ್ಪಿಯೆರ್ತಾ’. ಬೆಳಗಿದ ಲೋಕ, ಎಚ್ಚೆತ್ತ ನಾನು. ದೆಸ್ಪಿಯೆರ್ತಾ ಎಂಬ ಕಟ್ಟಕಡೆಯ ಪದದ ಕೊನೆಯ ‘ಆ’ ಸ್ತ್ರೀಲಿಂಗದ್ದು. ಇಷ್ಟು ಹೊತ್ತು ನಿದ್ರಿಸಿದ್ದು, ಕನಸಿದ್ದು, ಬ್ರಹ್ಮಾಂಡ ಅಳೆಯಹೊರಟದ್ದು ಒಬ್ಬ ಹೆಂಗಸು ಎಂದು ಅಲ್ಲಿ, ಆ ಒಂದು ಸ್ವರದಲ್ಲಿ ತಿಳಿಯುತ್ತದೆ. ಮಾಎಸ್ತ್ರಾ ಆ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅದನ್ನು ಕನ್ನಡಕ್ಕೆ ತರಲು ನಾನು ಕೂತದ್ದು ಒಂದು ರಜೆಯ ದಿನ. ‘ಲೋಕ ಬೆಳಗಿದೆ, ನನಗೆ ಎಚ್ಚರವಾಗಿದೆ.’ ಇದರಲ್ಲಿ ಹೆಣ್ಣಿಲ್ಲ. ನಮ್ಮ ‘ನಾನು’ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಎದ್ದೆ, ಬಂದೆ, ಕಂಡೆ, ಯಾವುದರಲ್ಲೂ ಅದು ಗೊತ್ತಾಗುವುದಿಲ್ಲ. ‘ಎಚ್ಚೆತ್ತವಳು ನಾನು’ ಎಂದರೆ ಹೆಣ್ಣು ಬಂದಳು, ಆದರೆ ಡಂಗುರ ಹೊಡೆದ ಹಾಗೆ. ಮೂಲದಲ್ಲಿ ಅದು ಒಂದೇ ಸ್ವರ, ಉಸಿರಿನಷ್ಟು ಸಣ್ಣದು. ‘ಎಚ್ಚರಗೊಂಡವಳು’, ‘ಕಣ್ತೆರೆದವಳು’ ಎಂದೆಲ್ಲ ಬರೆದು ಹೊಡೆದುಹಾಕಿ ಪುಟ ತುಂಬಿತು. ಯಾವಾಗ ಮಲಗಿದೆನೋ ತಿಳಿಯದು.

ಫೋನು ರಿಂಗಾಯಿತು. ಕಿಟಕಿಗೆ ಟವೆಲು ಸಿಕ್ಕಿಸುವುದನ್ನು ಮರೆತಿದ್ದೆ, ಕೋಣೆಯ ತುಂಬ ಬಿಸಿಲು. ಅಮ್ಮ.

"ಎದ್ಯೇನೇ?"

ಆ ಕೊನೆಯ ‘ಏ’ ಕೇಳಿ ಎದ್ದು ಕೂತೆ. ತಮ್ಮನಿಗಾದರೆ ಆಕೆ ‘ಎದ್ಯೇನೋ’ ಎನ್ನುತ್ತಾಳೆ.

"ಎದ್ದೆ ಅಮ್ಮ" ಅಂದೆ.